ಮೊದಲು ಕಿವಿ, ಆಮೇಲೆ ನಾಲಗೆ

ಇಂಗ್ಲಿಷ್ ಉಚ್ಚಾರಣೆ ಕಲಿಸಲು ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಡಬಾರದು ಎಂದು ಇಲ್ಲಿನ ಕನ್ನಡದ ಗೆಳೆಯರು ಒಂದು ಸಂಜೆಯಿಡೀ ವಾದಿಸಿದರು. ಕಾಫಿ ಆರುವವರೆಗೆ ಸುಮ್ಮನಿದ್ದೆ. ಈಗ ಉತ್ತರಿಸುತ್ತೇನೆ.

ಇದು ಹೊಸ ಹುಚ್ಚು ಎಂದರು. ನಾವಿರುವುದು ಟೋಕಿಯೊದ ಶಿನಾಗಾವಾದಲ್ಲಿ ಎಂಬುದು ಮರೆತುಹೋಯಿತೇನೋ! ಮುಂದೆ ಸೋನಿ ಎಂದು ಹೆಸರಾದ ಕಂಪನಿ ಇಲ್ಲಿನ ಗೋಟೆನ್‌ಯಾಮಾದಲ್ಲೇ 1950ರಲ್ಲಿ ಜಪಾನಿನ ಮೊದಲ ಟೇಪ್ ರೆಕಾರ್ಡರನ್ನು ಮಾರಾಟಕ್ಕಿಟ್ಟಿತು. ಪ್ಲಾಸ್ಟಿಕ್ ಸಿಗದೆ ಕಾಗದದ ಪಟ್ಟಿಗೇ ಕಾಂತದ ಪುಡಿ ಬಳಿದಿದ್ದರು. ಆ ಪುಡಿಯನ್ನು ಮೊದಮೊದಲು ಬಾಣಲೆಯಲ್ಲಿ ಹುರಿದೇ ಮಾಡಿಕೊಂಡದ್ದು, ನಮ್ಮಮ್ಮ ರವೆ ಹುರಿದ ಹಾಗೆ. ಗಿರಾಕಿ ಹುಡುಕಿಕೊಂಡು ಅವರು ಹೋದದ್ದು ಶಾಲೆಗಳಿಗೆ.

ಒಳ್ಳೆಯ ಮೇಷ್ಟ್ರಿದ್ದರೆ ಸಾಕು, ಯಂತ್ರವೇಕೆ ಎಂಬುದು ಅವರ ಗಟ್ಟಿ ವಾದ. ಹಿಂದಿಯ ಗೆಳೆಯನೊಬ್ಬ ‘ಅಂಗಿಗೆ ಕೊಲೆ ಆಗಿದೆ’ ಅನ್ನುತ್ತಿದ್ದ. ನಾಲಗೆ ಮಡಚೋ ಎಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಕೊಳೆ, ಕೊಲೆ ಎರಡೂ ಅವನ ಕಿವಿಗೆ ಒಂದೇ. ಜಪಾನೀಯರಿಗೆ ‘ರೈಸ್’, ‘ಲೈಸ್’ ಹಾಗೆಯೇ: ಒಂದು ಅನ್ನ, ಇನ್ನೊಂದು ಹೇನು! ಅವರ ಕಟಕಾನ ಲಿಪಿಯಲ್ಲಿ ಬರೆದರೆ ಎರಡಕ್ಕೂ ಅದೇ ಅಕ್ಷರಗಳು. ಲೋಗನ್, ಲೈವ್ಲಿ, ಪಿಸೋನಿ ಎಂಬ ಸಂಶೋಧಕರು 1991ರಲ್ಲಿ ತೋರಿಸಿದ್ದೇನೆಂದರೆ, ಹಲವರ ದನಿಯಲ್ಲಿ ಇಂಥ ಜೋಡಿಗಳನ್ನು ಮತ್ತೆ ಮತ್ತೆ ಕೇಳಿಸಿ, ಸರಿತಪ್ಪು ಆಗಾಗಲೇ ಹೇಳಿದರೆ ದೊಡ್ಡವರ ಕಿವಿಯೂ ಪಳಗುತ್ತದೆ. ಎರಡು ವರ್ಷದ ನಂತರ ಅವರೇ ಒಬ್ಬರ ದನಿಯನ್ನಷ್ಟೇ ಕೇಳಿಸಿ ನೋಡಿದರು. ಹೊಸಬರು ಮಾತಾಡಿದಾಗ ಆ ಕಲಿಕೆ ಕೈಕೊಟ್ಟಿತು. ಮೇಷ್ಟ್ರು ಎಷ್ಟೇ ಒಳ್ಳೆಯವರಾಗಲಿ, ಅವರದು ಒಂದೇ ಗಂಟಲು. ಸಾವಿರ ಸಲ ಬೇಸರವಿಲ್ಲದೆ ಹೇಳುವ ಹತ್ತು ಗಂಟಲು ಸಿಗುವುದು ಯಂತ್ರದಲ್ಲೇ. 1997ರ ಇನ್ನೊಂದು ಅಧ್ಯಯನದಲ್ಲಿ ಕೇಳಿಸಿದ್ದಷ್ಟೇ, ಹೇಳಿಸಿರಲಿಲ್ಲ. ಆದರೂ ಕಲಿತವರ ಉಚ್ಚಾರಣೆ ಸುಧಾರಿಸಿತ್ತು.

ವಯಸ್ಸಾದ ಮೇಲೆ ಆಗದು ಎಂಬ ಮಾತಿಗೂ ಇದೇ ಉತ್ತರ.

ಮಕ್ಕಳು ಅಮೆರಿಕದ ಗಿಳಿಗಳಾಗುತ್ತಾರೆ ಎಂದೊಬ್ಬರು ಕೆರಳಿದರು. ನಾವು ‘ಬಸ್ಸು’ ಅಂದಂತೆ ಜಪಾನೀಯರು ‘ಬಸು’ ಅನ್ನುತ್ತಾರೆ. ಕೊನೆಯಲ್ಲೊಂದು ಉಕಾರ ಅಂಟಿದರೆ ಬಸ್ಸೇನೂ ತಪ್ಪಿಹೋಗದು, ಅದು ಇರಲಿ ಬಿಡಿ. ಅರ್ಥ ಕೆಡುವಲ್ಲಿ ಮಾತ್ರ ತಿದ್ದಿದರೆ ಸಾಕು.

ಯಂತ್ರಕ್ಕೇ ನಮ್ಮ ಮಾತು ತಿಳಿಯದು ಎಂದಾಗ ಮಾತ್ರ ನಾನು ತಲೆಯಾಡಿಸಿದೆ. 2020ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ತಂತ್ರಾಂಶವನ್ನು ಪರೀಕ್ಷಿಸಿತ್ತು. ನೂರು ಪದಕ್ಕೆ ಬಿಳಿಯರ ಮಾತಿನಲ್ಲಿ ಸರಾಸರಿ 19 ತಪ್ಪಾದರೆ, ಕಪ್ಪು ಅಮೆರಿಕನ್ನರ ಮಾತಿನಲ್ಲಿ 35. ಇಂಗ್ಲಿಷೇ ಮನೆಮಾತಾದವರ ಪಾಡು ಇದಾದರೆ, ಹಾಸನದಿಂದ ಬಂದ ನಮ್ಮ ನಾಲಗೆಗೆ ಅದು ಕೊಡುವ ಅಂಕವನ್ನು ನಂಬುವುದು ಹೇಗೆ?

ಆದರೆ 2022ರ ನವೆಂಬರಿನಲ್ಲಿ ಟೋಕಿಯೊ ಆಡಳಿತ ಶಾಲಾಮಕ್ಕಳಿಗೆ ನಡೆಸಿದ ಇಂಗ್ಲಿಷ್ ಮಾತಿನ ಪರೀಕ್ಷೆಯನ್ನು ಇದಕ್ಕೆ ಸಾಕ್ಷಿಯಾಗಿ ಎಳೆತಂದದ್ದು ಸರಿಯಲ್ಲ. ಪಕ್ಕದವರ ದನಿ ಕೇಳಿಸಿತೆಂಬ ದೂರು ಬಂದದ್ದು ನಿಜ. ಅಲ್ಲಿ ಟ್ಯಾಬ್ಲೆಟ್ ಮಾಡಿದ್ದು ಪ್ರಶ್ನೆ ತೋರಿಸಿ ದನಿ ಹಿಡಿದಿಡುವ ಕೆಲಸವಷ್ಟೇ. ಕೇಳಿ ಅಂಕ ಹಾಕಿದವರು ಮನುಷ್ಯರು.

ಮಗಳ ಟ್ಯಾಬ್ಲೆಟ್ಟಿನಲ್ಲಿ ಅಂಕ ತೋರಿಸುವುದನ್ನು ಆಫ್ ಮಾಡಿದ್ದೇನೆ. ಕೇಳಿಸುವ ಪಾಠ ದಿನಾ ಹತ್ತು ನಿಮಿಷ ನಡೆಯುತ್ತದೆ, ಪಕ್ಕದಲ್ಲಿ ಕೂತು ನಾನೂ ಕೇಳುತ್ತೇನೆ. ‘ವೈನ್’, ‘ವೈನ್’ ಎಂದು ಎರಡು ಸಲ ಕೇಳಿಸಿತು. ನನಗೆ ಎರಡೂ ಒಂದೇ. ಮೊದಲನೆಯದು ಬಳ್ಳಿ ಅಪ್ಪಾ, ಎರಡನೆಯದು ಕುಡಿಯೋದು ಅಂದಳು.