ಏಳು ಸೈಕಲ್, ಒಂದು ಸೀಟಿ

ಮೈಸೂರಿನಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ ಹೋಗುತ್ತೇವೆಂದು ನನ್ನ ಹಳೆಯ ವಿದ್ಯಾರ್ಥಿಗಳು ಆರು ಮಂದಿ ಮನೆಗೆ ಬಂದರು. ಎಲ್ಲರೂ ಪಿಯುಸಿ ಮುಗಿಸಿದವರು. ಅವರಲ್ಲಿ ಇಬ್ಬರು ಹುಡುಗಿಯರು. ಈ ಯಾತ್ರೆಯ ಹೆಸರಿನಲ್ಲಿ ಹಣ ಕೂಡಿಸಿ ಊರಾಚೆಯ ಒಂದು ಪ್ರಾಥಮಿಕ ಶಾಲೆಗೆ ಪುಸ್ತಕ ಮತ್ತು ಕಪಾಟು ಕೊಡಿಸಬೇಕೆಂಬುದು ಅವರ ಆಸೆ. "ಸಾರ್, ನೀವೂ ಬರಬೇಕು" ಎಂದರು. ಐವತ್ತು ದಾಟಿದವನಿಗೆ ಇಂಥ ಮಾತು ಎಷ್ಟು ಹಿತವಾಗಿರುತ್ತದೆಂದು ನನ್ನ ವಯಸ್ಸಿನ ಓದುಗರು ಬಲ್ಲರು. ಹೆಚ್ಚು ಯೋಚಿಸದೆ ಒಪ್ಪಿಕೊಂಡೆ.

ದಾರಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರಿನ ಮೇಲೆ. 250 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ನಾಲ್ಕು ದಿನ. ಮಳೆಗಾಲದಲ್ಲಿ ಆ ಘಟ್ಟದ ಮಾತೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿಹೋಗಿದ್ದನ್ನು ಯಾರೂ ಮರೆತಿಲ್ಲ. ಹಾಗಾಗಿ ಡಿಸೆಂಬರ್ ಎಂದು ನಿಶ್ಚಯಿಸಿದೆವು.

ಅಭ್ಯಾಸಕ್ಕೆಂದು ಒಂದು ಭಾನುವಾರ ನಂಜನಗೂಡಿಗೆ ಹೊರಟೆವು. ಹೋಗಿ ಬರಲು ಸುಮಾರು 50 ಕಿಲೋಮೀಟರ್. ಐವರದು ಗೇರ್ ಸೈಕಲ್, ನನ್ನದೂ ಅದೇ. ಒಬ್ಬ ಹುಡುಗನದು ಮಾತ್ರ ಅವರ ತಂದೆ ಹಾಲಿನ ಕ್ಯಾನ್ ಹೊತ್ತು ತಿರುಗುವ ಹಳೆಯ ದೊಡ್ಡ ಸೈಕಲ್. ಮೇಷ್ಟ್ರಿಗೆ ವಯಸ್ಸಾಯಿತೆಂದು ಮಕ್ಕಳು ತಿಳಿಯಬಾರದೆಂಬ ಹುಮ್ಮಸ್ಸಿನಲ್ಲಿ ನಾನೇ ಮುಂದೆ ನಿಂತು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿದೆ. ಶ್ರೀಕಂಠೇಶ್ವರ ದೇವಸ್ಥಾನದ ಬಳಿ ಇಳಿದು, ಕಾಫಿಗೆ ಹೇಳಿ, ತಲೆ ಎಣಿಸಿದರೆ ಆರೇ ಇವೆ.

ಕಡಕೊಳದ ಹತ್ತಿರ ಅವನ ಸೈಕಲ್ಲಿನ ಚೈನು ತುಂಡಾಗಿತ್ತು. ಕೂಗಿದನಂತೆ, ಲಾರಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸಿಲ್ಲ. ಮನೆಯಲ್ಲಿರುವುದು ಒಂದೇ ಫೋನು, ಅದು ತಾಯಿಯ ಬಳಿ. ನಾವು ಹಿಂದಿರುಗಿ ಹುಡುಕಿದಾಗ ಸೈಕಲ್ ತಳ್ಳಿಕೊಂಡು ನಮ್ಮ ಕಡೆಗೇ ಬರುತ್ತಿದ್ದ. "ಪರವಾಗಿಲ್ಲ ಸಾರ್" ಎಂದ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಸಂಜೆ ಅವನನ್ನು ಮನೆಗೆ ಬಿಡಲು ಹೋದೆ. ತಾಯಿ ಎಲ್ಲವನ್ನೂ ಕೇಳಿ ಇಷ್ಟೇ ಹೇಳಿದರು: "ಏಳು ಜನ ಹೋಗಿದ್ರಲ್ಲ ಮೇಷ್ಟ್ರೇ, ಒಬ್ಬರೂ ತಿರುಗಿ ನೋಡಲಿಲ್ವಾ?"

ನಮ್ಮ ನಿಜವಾದ ಸಿದ್ಧತೆ ಶುರುವಾದದ್ದು ಆ ರಾತ್ರಿ.

ಗಾಳಿಯ ಪಾಠವನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ರಸ್ತೆಯ ಮೇಲೆ ಮರೆತಿದ್ದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಭೇದಿಸಲು ಬೇಕಾದ ಸಾಮರ್ಥ್ಯ ಘನಕ್ಕೆ ಅನುಗುಣವಾಗಿ. 15ರಿಂದ 20ಕ್ಕೆ ಏರಿದರೆ ಗಾಳಿಗೆಂದು ತೆರುವ ಶ್ರಮ ಎರಡು ಪಟ್ಟನ್ನೂ ಮೀರುತ್ತದೆ. ನೆಟ್ಟಗೆ ಕೂತು ತುಳಿಯುವ ಭಾರದ ಸೈಕಲ್ಲಿಗೆ ಇದು ಇನ್ನೂ ಕಷ್ಟ. ಈಗ ನಮ್ಮ ವೇಗ 15. ಗಟ್ಟಿಗರು ಸರದಿಯ ಮೇಲೆ ಮುಂದಿರುತ್ತಾರೆ, ಹಾಲಿನ ಸೈಕಲ್ ಎರಡನೆಯದು, ಕಟ್ಟಕಡೆಗೆ ನಾನು. ಕೊರಳಲ್ಲಿ ಪಿ.ಟಿ. ಮೇಷ್ಟ್ರಿಂದ ಕಡ ತಂದ ಸೀಟಿ. ಒಂದು ಊದಿದರೆ ನಿಧಾನ, ಎರಡು ಊದಿದರೆ ಎಲ್ಲರೂ ನಿಲ್ಲಬೇಕು.

ಅವನಿಗೆ ಗೇರ್ ಸೈಕಲ್ ಬಾಡಿಗೆಗೆ ತರೋಣವೆಂದರೆ ಬೇಡವೆಂದ. ಅವನ ಸ್ವಾಭಿಮಾನ ಅರ್ಥವಾಯಿತು. ಇಬ್ಬರೂ ಕೂತು ಹಲ್ಲು ಎಣಿಸಿದೆವು. ಪೆಡಲ್ ಬಳಿಯ ಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಓಡುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿಸಿ ಚೈನಿಗೆ ಒಂದೆರಡು ಕೊಂಡಿ ಸೇರಿಸಿದರೆ 4.4 ಮೀಟರ್ ಆಗುತ್ತದೆ. ಸುತ್ತು ಹೆಚ್ಚು, ಆದರೆ ಕಾಲಿನ ಮೇಲಿನ ಬಲ ಐದರಲ್ಲಿ ಸುಮಾರು ಒಂದು ಪಾಲು ಕಡಿಮೆ. ಖರ್ಚನ್ನು ಅವನೇ ಕೊಟ್ಟ. ಸುಂಟಿಕೊಪ್ಪದಾಚೆಯ ಏರಿಗೆ ಇದು ಸಾಲದಿದ್ದರೆ ಎಲ್ಲರೂ ಇಳಿದು ತಳ್ಳುವುದೆಂದು ತೀರ್ಮಾನವಾಗಿದೆ.

ಏರಿಗಿಂತ ನನಗೆ ಭಯ ಇಳಿಜಾರಿನದು. ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎತ್ತರ ಇಳಿಯುತ್ತೇವೆ. ಸೈಕಲ್ ಸೇರಿ 75 ಕೆ.ಜಿ. ತೂಗುವವನ ಲೆಕ್ಕ ಹಾಕಿ, ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಬರುತ್ತದೆ: ಏಳು ಲಕ್ಷ ಜೂಲ್‌ಗೂ ಮೇಲೆ. ಎರಡು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅದರಲ್ಲಿ ಗಾಳಿಗೆ ಹೋಗದೆ ಉಳಿದದ್ದೆಲ್ಲ ಬ್ರೇಕಿನ ರಬ್ಬರಿನಲ್ಲಿ, ರಿಮ್ಮಿನಲ್ಲಿ ಶಾಖವಾಗಬೇಕು. ಬ್ರೇಕನ್ನು ಒಂದೇ ಸಮ ಹಿಡಿದೇ ಇಳಿದರೆ ರಿಮ್ಮಿಗೆ ಆರಲು ಬಿಡುವೇ ಸಿಗುವುದಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಬೇಕು, ಮಧ್ಯೆ ಮಧ್ಯೆ ನಿಂತು ರಿಮ್ಮು ಆರಲು ಬಿಡಬೇಕು. ಹೊಸ ಬ್ರೇಕ್ ರಬ್ಬರ್ ಹಾಕಿಸದ ಸೈಕಲ್ ಮಡಿಕೇರಿಯಿಂದ ಬಸ್ಸಿನ ಮೇಲೆ ಬರುತ್ತದೆ, ಅದು ನನ್ನದಾದರೂ ಸರಿ.

ನೀರಿನ ವಿಷಯ ತಾಯಂದಿರಿಗೆ ಗೊತ್ತಿರುವುದೇ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು ಸಾಕು. ಯಾರಿಗಾದರೂ ವಾಂತಿಭೇದಿ ಆದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಲ್ಮೆಟ್ ಎಲ್ಲರಿಗೂ ಉಂಟು. ಸಂಜೆ ನಾಲ್ಕೂವರೆಯ ಮೇಲೆ ರಸ್ತೆಯಲ್ಲಿರುವುದಿಲ್ಲ. ಹುಡುಗಿಯರ ಮನೆಯವರು ಕೇಳಿದ್ದು ಇದನ್ನೇ. ಹುಡುಗರ ಮನೆಯವರು ಯಾಕೆ ಕೇಳಲಿಲ್ಲವೋ ತಿಳಿಯದು.

ಹಣದ ಮಾತು ಉಳಿಯಿತು. ರಸೀದಿ ಪುಸ್ತಕ ಹಿಡಿದು ಹೋದಾಗ ದಿನಸಿ ಅಂಗಡಿಯವರೊಬ್ಬರು 500 ರೂಪಾಯಿ ಕೊಟ್ಟು, "ಹೋಗಿಬರೋ ಖರ್ಚನ್ನೇ ಆ ಶಾಲೆಗೆ ಕೊಟ್ಟುಬಿಡಬಹುದಲ್ಲ ಮೇಷ್ಟ್ರೇ?" ಎಂದರು. ನ್ಯಾಯವಾದ ಪ್ರಶ್ನೆ. ಮಕ್ಕಳಿಗೆ ಹೋಗುವ ಆಸೆಯಿದೆ, ನನಗೂ ಇದೆ. ಅದನ್ನು ದಾನದ ಹೆಸರಿನಡಿ ಮುಚ್ಚಿಡುವುದು ಸರಿಯಲ್ಲ ಎಂದು ಮಕ್ಕಳೊಡನೆ ಮಾತಾಡಿದೆ. ಈಗ ಎರಡು ಪುಸ್ತಕಗಳಿವೆ. ದಾನದ ಪುಸ್ತಕದಿಂದ ಒಂದು ಟೀ ಕೂಡ ಕುಡಿಯುವಂತಿಲ್ಲ. ಹೆಸರು ಅಚ್ಚುಹಾಕಿಸಿದ ಬನಿಯನ್ನಿನ ಯೋಜನೆ ಅಲ್ಲಿಗೇ ಬಿದ್ದುಹೋಯಿತು. ಇಬ್ಬರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಮತ್ತೆ ನಂಜನಗೂಡು. ಆ ತಾಯಿ ಕ್ಯಾನಿನಲ್ಲಿ ಮಜ್ಜಿಗೆ ಕಳಿಸುತ್ತೇನೆಂದಿದ್ದಾರೆ. ಹೊರುವವರು ಯಾರೆಂದು ಮಕ್ಕಳನ್ನು ಕೇಳಿದೆ. ಬಾಲದಲ್ಲಿರುವವರೇ ಹೊರಬೇಕಂತೆ.