ಮನೆತನದ ಕೋವಿಗೆ ವಾರಸುದಾರರು ಯಾರು?

ಹಟ್ಟಿ ನಾಯಕರು ಆಳಿದ ನಾಯಕನಹಟ್ಟಿಯ ಸೀಮೆಯಲ್ಲಿ ಆಯುಧಕ್ಕೆ ಪೂಜೆ ಸಲ್ಲುವುದು ಹೊಸತೇನಲ್ಲ. ಹಳೆಯ ಮನೆಗಳಲ್ಲಿ ಮಹಾನವಮಿಯಂದು ಕತ್ತಿ, ಈಟಿಗಳ ಜೊತೆಗೆ ಅಜ್ಜನ ಜೋಡಿನಳಿಗೆಯ ಕೋವಿಗೂ ಕುಂಕುಮವಿಡುವುದುಂಟು. ಆದರೆ ಆ ಅಜ್ಜ ತೀರಿಕೊಂಡ ಮರುದಿನವೇ ಕೋವಿಯ ಗತಿಯೇನೆಂಬ ಪ್ರಶ್ನೆ ಏಳುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಒಡೆಯನು ಸತ್ತರೆ ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಇರಿಸಬೇಕು. ಗೊತ್ತುಪಡಿಸಿದ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ. 2019ರ ತಿದ್ದುಪಡಿಯು ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕಕ್ಕೆ ಒಳಪಟ್ಟವೇ. ಬಂದೂಕಿನ ಹಾವಳಿ ಕಂಡ ಸಮಾಜ ಮಿತಿ ಹೇರುವುದು ನ್ಯಾಯವೇ. ಆದರೆ ಮೂರನೆಯ ಕೋವಿಯೊಂದಿಗೆ ಅದರ ಚರಿತ್ರೆಯೂ ಠಾಣೆಯ ಮೂಲೆ ಸೇರಬೇಕೆಂದು ಯಾವ ಕಾನೂನೂ ಹೇಳಿಲ್ಲ. ಅದು ಮನೆಯವರ ಉದಾಸೀನದ ಫಲ.

ಕೊಡಗಿನಲ್ಲಿ ಹಾಗಾಗುವುದು ವಿರಳ. ಕೈಲ್‌ಮುಹೂರ್ತದಂದು ತೋಕ್‌ಪೂವಿನಿಂದ ಸಿಂಗಾರಗೊಳ್ಳುವ ಕೋವಿಗೆ ಅಲ್ಲಿ ಹುಟ್ಟು ಸಾವುಗಳ ಆಚರಣೆಯಲ್ಲೂ ಸ್ಥಾನವಿದೆ. ಕಾಯ್ದೆಯ ವಿನಾಯಿತಿಯೂ ಇದೆ. ಬಯಲುಸೀಮೆಯ ಬೇಡರಿಗೆ ಅಂಥ ಆಸರೆಯಿಲ್ಲ, ಬೇರೊಂದು ನೆನಪುಂಟು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಮಣಿಯದ ಮುಧೋಳ ಸೀಮೆಯ ಹಲಗಲಿಯ ಬೇಡರು ಗಲ್ಲಿಗೇರಿದರು. ಅವರ ಕಥೆ ಲಾವಣಿಯಾಗಿ ಉಳಿಯಿತು, ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅವರ ಕೈಯಲ್ಲಿದ್ದ ಆಯುಧಗಳ ಹೆಸರು, ಗುರುತುಗಳನ್ನು ಹಾಗೆ ಬರೆದಿಟ್ಟವರು ಎಲ್ಲಿ?

ಕೊಲ್ಲುವ ಸಾಧನವನ್ನು ಕಾಪಾಡುವುದೇಕೆ ಎಂಬ ಆಕ್ಷೇಪ ಸಹಜ. ವೀರಗಲ್ಲಿನಲ್ಲಿ ಕೆತ್ತಿರುವುದೂ ಕೊಲೆಯೇ. ಆದರೂ ಅದನ್ನು ಒಡೆದು ಮೆಟ್ಟಿಲು ಮಾಡಿದವರನ್ನು ವಿದ್ವಾಂಸರು ಶಪಿಸುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯೂ ನಿಂತಿರುವಾಗ, ಗೋಡೆಯ ಕೋವಿಯನ್ನು ಆಯುಧಕ್ಕಿಂತ ದಾಖಲೆಯೆಂದು ನೋಡುವುದು ಲೇಸು.

ದಾಖಲೆಯನ್ನು ತಿಕ್ಕಿ ಹೊಳಪಿಸಬಾರದು. ಮರಳುಕಾಗದದಿಂದ ತುಕ್ಕು ತೆಗೆಯಹೊರಟವರು ನಳಿಗೆಯ ಮೇಲಿನ ತಯಾರಕರ ಹೆಸರನ್ನೂ ಪರೀಕ್ಷಾ ಮುದ್ರೆಯನ್ನೂ ಅಳಿಸಿಬಿಡುತ್ತಾರೆ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮೆತ್ತನೆಯ ಬಟ್ಟೆಯಿಂದ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಚರ್ಮದ ಚೀಲ ತೇವ ಹಿಡಿದಿಡುವುದರಿಂದ ಅದರೊಳಗೆ ವರ್ಷಗಟ್ಟಲೆ ಇಡಲಾಗದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಹತ್ತೊಂಬತ್ತನೆಯ ಶತಮಾನದ ನಳಿಗೆಗಳು ಕರಿಮದ್ದಿಗಾಗಿ ಹುಟ್ಟಿದವು. ಇಂದಿನ ತೋಟಾ ಹಾಕಿ ಅವುಗಳ ಗತ್ತು ಪರೀಕ್ಷಿಸುವ ಮೊಮ್ಮಗ ಕೈಬೆರಳು ಕಳೆದುಕೊಂಡಾನು.

ದುರಸ್ತಿ ಮಾಡಿದರೂ ಹಾರದ ಪುರಾತನ ಬಂದೂಕಿಗೆ ಕಾಯ್ದೆಯೇ ಅನ್ವಯಿಸದು. ಈ ವಿಷಯ ತಿಳಿಯದೆ ಹೆದರಿ ಅದನ್ನು ಗುಜರಿಗೆ ಹಾಕುವವರಿದ್ದಾರೆ. ಹಾರುವ ಕೋವಿ ಮಿತಿ ಮೀರಿದ್ದರೆ, ಒಪ್ಪಿಸುವ ಮೊದಲೇ ಚಿತ್ರದುರ್ಗದ ವಸ್ತುಸಂಗ್ರಹಾಲಯಕ್ಕೆ ಕೊಡಲು ಸಾಧ್ಯವೇ ಎಂದು ಜಿಲ್ಲಾಡಳಿತವನ್ನು ಕೇಳಬೇಕು. ಕೊಡುವಾಗ ಹಳೆಯ ಪರವಾನಗಿ ಪುಸ್ತಕ, ಕೊಂಡ ರಸೀತಿ, ಹೆಗಲಿಗೇರಿಸಿದವರ ಹೆಸರುಗಳ ಪಟ್ಟಿ ಜೊತೆಗಿರಲಿ. ಪಟ್ಟಿ ಬರೆಸಲು ಮನೆಯ ಹಿರಿಯಜ್ಜಿಯನ್ನು ಈ ಮಹಾನವಮಿಗೇ ಕೂರಿಸಿಕೊಳ್ಳಬೇಕು.