ಫೋಮ್ ಹಾಸಿಗೆಗೆ ಬೆಂಕಿ ತಗುಲಿದರೆ

ಭಾನುವಳ್ಳಿ, ಹರಿಹರದ ಕಡೆ ಹಿಂದೆ ಹಾಸಿಗೆ ಎಂದರೆ ಹತ್ತಿಯದೇ. ನದಾಫರು ಹತ್ತಿ ಹಿಂಜಿ, ಗಾದಿ ತುಂಬಿ ಹೊಲಿದು ಕೊಡುತ್ತಿದ್ದರು. ಈಗ ಮಗಳ ಮದುವೆಗೆ ಕೊಳ್ಳುವ ಹಾಸಿಗೆಯಲ್ಲೂ ಸೋಫಾದಲ್ಲೂ ಫೋಮ್ ಇರುತ್ತದೆ. ಹಗುರ, ಮೆತ್ತಗೆ, ಬೆಲೆಯೂ ಕೈಗೆಟಕುವಂಥದ್ದು. ಆದರೆ ಬೆಂಕಿಯ ಮುಂದೆ ಅದರ ಸ್ವಭಾವವೇ ಬೇರೆ.

ಗಿರಣಿಗಳಿಂದಾಗಿ ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂದಿತ್ತು. ಇಂಗ್ಲೆಂಡಿನ ಆ ಮ್ಯಾಂಚೆಸ್ಟರಿನಲ್ಲೇ 1979ರ ಮೇ 8ರಂದು ವೂಲ್‌ವರ್ತ್ಸ್ ಎಂಬ ದೊಡ್ಡ ಅಂಗಡಿಯ ಪೀಠೋಪಕರಣ ವಿಭಾಗಕ್ಕೆ ಬೆಂಕಿ ಬಿತ್ತು. ಫೋಮ್ ತುಂಬಿದ ಸಾಮಾನುಗಳ ದಟ್ಟ ಹೊಗೆ ಕ್ಷಣಗಳಲ್ಲಿ ಹರಡಿ 10 ಮಂದಿ ತೀರಿಕೊಂಡರು. ಮನೆಯ ಸೋಫಾಗಳು ಸಿಗರೇಟು ಮತ್ತು ಬೆಂಕಿಕಡ್ಡಿಯ ಪರೀಕ್ಷೆಗಳನ್ನು ತಾಳಬೇಕೆಂದು ಬ್ರಿಟನ್ 1988ರಲ್ಲಿ ನಿಯಮ ಮಾಡಿತು.

ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಹೇಗೆ? ಹತ್ತು ಸೆಂಟಿಮೀಟರ್ ಉದ್ದಗಲದ ಫೋಮ್ ತುಂಡನ್ನು ತಕ್ಕಡಿಯ ಮೇಲಿಟ್ಟು, ಮೇಲಿನಿಂದ ಕಾದ ಸುರುಳಿಯ ಶಾಖ ಕೊಟ್ಟು, ಕಿಡಿ ತಾಗಿಸುತ್ತಾರೆ. ಎಷ್ಟು ಸೆಕೆಂಡಿನಲ್ಲಿ ಹೊತ್ತಿತು, ತೂಕ ಎಷ್ಟು ಬೇಗ ಇಳಿಯಿತು, ಹೊಗೆ ಎಷ್ಟು ಬಂತು ಎಂದು ನೋಡುತ್ತಾರೆ. ಉರಿಗೆ ಖರ್ಚಾದ ಆಮ್ಲಜನಕದಿಂದ ಶಾಖದ ಲೆಕ್ಕ ಸಿಗುತ್ತದೆ. ಇಡೀ ಸೋಫಾವನ್ನೇ ಸುಟ್ಟು ನೋಡಿದಾಗ ಅದರ ಉರಿ 20 ಲಕ್ಷ ವ್ಯಾಟ್ ದಾಟಿದ್ದುಂಟು. ಅಂದರೆ ಸಾವಿರ ವ್ಯಾಟಿನ ಎರಡು ಸಾವಿರ ಇಸ್ತ್ರಿಪೆಟ್ಟಿಗೆಗಳು ಒಂದೇ ಕೋಣೆಯಲ್ಲಿ ಕಾದಂತೆ!

ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಫೋಮ್‌ನಲ್ಲಿ ಸಾರಜನಕ ಇರುವುದರಿಂದ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಮಲಗಿದ್ದವರು ಎಚ್ಚರಗೊಳ್ಳುವ ಮೊದಲೇ ಪ್ರಜ್ಞೆ ತಪ್ಪಬಹುದು. ಹತ್ತಿ ಹಾಸಿಗೆಯೂ ಪೂರ್ತಿ ನಿರಪಾಯವಲ್ಲ. ಒಳಗೊಳಗೇ ಗಂಟೆಗಟ್ಟಲೆ ಕನಲಿ ಆಮೇಲೆ ಹೊತ್ತಿಕೊಳ್ಳಬಹುದು.

ಹಾಗೆಂದು ಸಹೋದರಿಯರೇ, ಫೋಮ್ ಹಾಸಿಗೆಯನ್ನು ಹೊರಗೆಸೆಯಬೇಕಾಗಿಲ್ಲ. ಸೊಳ್ಳೆಬತ್ತಿ, ಮೇಣದಬತ್ತಿ, ಊದುಬತ್ತಿಗಳನ್ನು ಮಂಚದಿಂದ ದೂರವಿಡಿ. ಹಾಸಿಗೆಯ ಮೇಲೆ ಇಸ್ತ್ರಿ ಮಾಡಬೇಡಿ, ಮೊಬೈಲ್ ಚಾರ್ಜಿಗಿಟ್ಟು ದಿಂಬಿನಡಿ ಸೇರಿಸಬೇಡಿ. ಸೋಫಾದ ಹಿಂದೆ ಸವೆದ ವಯರ್ ಇದ್ದರೆ ಇಂದೇ ಬದಲಾಯಿಸಿ. ಬೆಂಕಿಕಡ್ಡಿ ಮಕ್ಕಳ ಕೈಗೆ ಸಿಗದಿರಲಿ. ಹರಿದ ಕವರನ್ನು ಹೊಲಿದುಬಿಡಿ. ಬೆತ್ತಲೆ ಫೋಮ್‌ಗೆ ಕಿಡಿ ಬೇಗ ತಗುಲುತ್ತದೆ. ಕೊಳ್ಳುವಾಗ ಬೆಂಕಿ ಪರೀಕ್ಷೆ ಆಗಿದೆಯೇ ಎಂದು ಅಂಗಡಿಯವರನ್ನು ಕೇಳಿ.

ಹೊತ್ತಿಕೊಂಡೇ ಬಿಟ್ಟರೆ? ಮಕ್ಕಳು, ವೃದ್ಧರನ್ನು ಕರೆದುಕೊಂಡು ತಲೆ ತಗ್ಗಿಸಿ ಹೊರಬನ್ನಿ. ಬರುವಾಗ ಆ ಕೋಣೆಯ ಬಾಗಿಲು ಎಳೆದುಕೊಳ್ಳಿ. ಹೊಗೆಯೂ ಉರಿಯೂ ನಿಧಾನವಾಗುತ್ತವೆ. ಹೊರಗೆ ನಿಂತು 101 ಅಥವಾ 112ಕ್ಕೆ ಕರೆಮಾಡಿ. ಬೀರುವಿನ ಚಿನ್ನಕ್ಕಾಗಿ ಮಾತ್ರ ಮತ್ತೆ ಒಳಗೆ ಹೋಗಬೇಡಿ. ಚಿನ್ನವನ್ನು ಮತ್ತೆ ಮಾಡಿಸಿಕೊಳ್ಳಬಹುದು.